ಎಂಥ ಪೆಡಲು ಕೊಳ್ಳಬೇಕು?

ನಮ್ಮ ಕಾಲೇಜಿನ ಲಲಿತಕಲಾ ಸಂಘದವರು ಈ ವರ್ಷ ಡ್ರಂ ಸೆಟ್ಟಿಗೆ ಹೊಸ ಪೆಡಲೊಂದನ್ನು ಕೊಳ್ಳುವುದೆಂದು ತೀರ್ಮಾನಿಸಿದ್ದಾರೆ. ತೀರ್ಮಾನವೇನೋ ಒಮ್ಮತದಿಂದಲೇ ಆಯಿತು. ಆದರೆ ಎಂಥ ಪೆಡಲು ಎಂಬ ಪ್ರಶ್ನೆ ಬಂದೊಡನೆಯೇ ಸಭೆಯಲ್ಲಿ ಮೂರು ಪಕ್ಷಗಳಾದುವು. ಒಂದು ಪಕ್ಷದವರು ಎರಡು ಕಾಲುಗಳಿಗೂ ಕೆಲಸ ಕೊಡುವ ಜೋಡಿ ಪೆಡಲೇ ಬೇಕೆಂದರು. ಇನ್ನೊಂದು ಪಕ್ಷದವರು, ಪೆಡಲೇ ಬೇಡ, ಆ ಹಣಕ್ಕೆ ಇನ್ನಷ್ಟು ಸೇರಿಸಿ ರಿದಂ ಪ್ಯಾಡು ತರೋಣ ಎಂದರು. ಮೂರನೆಯವರು, "ಪೆಡಲೆಂದರೆ ಪೆಡಲು, ಮೂರು ದರಪಟ್ಟಿ ತರಿಸಿ, ಕಡಮೆ ಬಂದುದಕ್ಕೆ ಸಹಿ ಹಾಕಿದರಾಯಿತು" ಎಂದು ಕೈ ತೊಳೆದುಕೊಂಡರು. ನಾನು ಈ ಮೂರು ಪಕ್ಷಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ಮೂರು ವರ್ಷಗಳಿಂದ ಆ ಸೆಟ್ಟಿನ ಹಿಂದೆ ಕುಳಿತು ಬಾರಿಸಿದವನು ಎಂಬ ಒಂದೇ ಅಧಿಕಾರದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಹೊಸ ಪೆಡಲು ಬರುವ ವೇಳೆಗೆ ನಾನು ಕಾಲೇಜು ಬಿಟ್ಟಿರುತ್ತೇನೆ. ಅದರ ಮೇಲೆ ಕಾಲಿಡುವ ಯೋಗ ನನಗಿಲ್ಲ. ಆದುದರಿಂದ ಸ್ವಾರ್ಥಕ್ಕಾಗಿ ಬರೆದನೆಂಬ ಅಪವಾದ ಬರಲಾರದೆಂದು ನಂಬಿದ್ದೇನೆ.

ಡ್ರಂ ಸೆಟ್ಟನ್ನು ದೂರದಿಂದ ಮಾತ್ರ ನೋಡಿದ ವಾಚಕರಿಗಾಗಿ ಒಂದು ಮಾತು. ಸೆಟ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ನೆಲದ ಮೇಲೆ ಮಗ್ಗುಲಾಗಿ ಮಲಗಿರುವುದೇ ಬೇಸ್ ಡ್ರಂ. ಸಾಮಾನ್ಯವಾಗಿ ಅದರ ಅಡ್ಡಳತೆ 22 ಅಂಗುಲ. 20 ಅಂಗುಲದವೂ, ಜಾಸ್ ಸಂಗೀತದವರು ಬಳಸುವ 18 ಅಂಗುಲದವೂ ಉಂಟು. ಅದನ್ನು ಕೈಯಿಂದ ಬಾರಿಸುವುದಿಲ್ಲ. ಬಾರಿಸುವವನ ಬಲಗಾಲಿನ ಕೆಳಗೆ ಒಂದು ಪಾದದ ಹಲಗೆಯಿದೆ. ಅದನ್ನು ತುಳಿದರೆ ಒಂದು ಸರಪಳಿಯೋ ಪಟ್ಟಿಯೋ ಕೆಳಕ್ಕೆ ಜಗ್ಗಿ, ಮೇಲಿರುವ ಅಡ್ಡ ಸರಳನ್ನು ತಿರುಗಿಸುತ್ತದೆ. ಆ ಸರಳಿಗೆ ಸಿಕ್ಕಿಸಿದ ಬೀಟರ್ ಎಂಬ ಕೊಡತಿ ಮುಂದಕ್ಕೆ ಬೀಸಿ ಡ್ರಮ್ಮಿನ ಹೊದಿಕೆಗೆ ಬಡಿಯುತ್ತದೆ. ಕಾಲು ಸಡಿಲಿಸಿದೊಡನೆ ಪಕ್ಕದ ಸ್ಪ್ರಿಂಗು ಬೀಟರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಷ್ಟೇ ಯಂತ್ರ. ಹೊಲಿಗೆ ಯಂತ್ರ ತುಳಿಯುವವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಆದರೆ ಹಾಡಿನ ನಡೆಯೆಲ್ಲ ಈ ಒಂದು ತುಳಿತದ ಮೇಲೆ ನಿಂತಿರುತ್ತದೆ. ಹಾಡುವವರು ಶ್ರುತಿ ತಪ್ಪಿದರೆ ಸಭೆ ಒಮ್ಮೊಮ್ಮೆ ಕ್ಷಮಿಸುತ್ತದೆ. ಬೇಸ್ ಡ್ರಂ ಹಿಂದೆಬಿದ್ದರೆ ಸಭೆಗೆ ಕಾರಣ ತಿಳಿಯದಿದ್ದರೂ ಮೈಗೆ ಏನೋ ಸರಿಯಿಲ್ಲವೆಂದು ತಿಳಿದುಹೋಗುತ್ತದೆ.

ಈ ಉಪಕರಣ ಹುಟ್ಟಿದ ಬಗೆಯನ್ನು ತಿಳಿದರೆ ಅದನ್ನು ಆರಿಸುವ ಬಗೆಯೂ ಅರ್ಧ ತಿಳಿದಂತೆ. ನಮ್ಮ ಊರುಗಳ ಮದುವೆಯ ದಿಬ್ಬಣದಲ್ಲಿ ಬ್ಯಾಂಡ್‌ಸೆಟ್ಟಿನವರನ್ನು ಎಲ್ಲರೂ ನೋಡಿದ್ದೇವೆ. ಒಬ್ಬ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಎರಡು ಕಡೆಯೂ ಬಡಿಯುತ್ತಾನೆ, ಇನ್ನೊಬ್ಬ ಸಣ್ಣ ಡ್ರಮ್ಮನ್ನು ಕಡ್ಡಿಗಳಿಂದ ಬಾರಿಸುತ್ತಾನೆ, ಮೂರನೆಯವನ ಕೈಯಲ್ಲಿ ಕಂಚಿನ ತಾಳ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬ್ಯಾಂಡುಗಳಲ್ಲೂ ಇದೇ ಏರ್ಪಾಡಿತ್ತು. ಆ ಬ್ಯಾಂಡುಗಳು ಬೀದಿಯಿಂದ ನಾಟಕಶಾಲೆಯ ಒಳಕ್ಕೆ ಬಂದಾಗ ಮೂವರಿಗೆ ಸ್ಥಳವೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಒಬ್ಬನೇ ಎರಡು ಡ್ರಮ್ಮುಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೈಯನ್ನು ಅಲ್ಲಿಂದಿಲ್ಲಿಗೆ ಹಾರಿಸುತ್ತ ಬಾರಿಸತೊಡಗಿದ. ಕೈ ಸಾಲದೆ ಹೋದಾಗ ಕಾಲಿನ ನೆನಪಾಯಿತು. ನ್ಯೂ ಆರ್ಲಿಯನ್ಸಿನ ಡೀ ಡೀ ಚಾಂಡ್ಲರ್ ಎಂಬ ವಾದಕ 1890ರ ದಶಕದಲ್ಲಿ ಮರದ ಪೆಡಲೊಂದನ್ನು ತಾನೇ ಮಾಡಿಕೊಂಡಿದ್ದನೆಂದು ಹೇಳುತ್ತಾರೆ. ಡ್ರಮ್ಮಿನ ಬಳೆಯ ಮೇಲುಭಾಗದಿಂದ ತೂಗುಬಿಡುವ ಪೆಡಲುಗಳೂ ಇದ್ದುವು. ಅವು ವೇಗದ ಗತಿಗೆ ಒದಗುತ್ತಿರಲಿಲ್ಲ. 1909ರಲ್ಲಿ ಷಿಕಾಗೋ ನಗರದ ವಿಲಿಯಂ ಲಡ್ವಿಗ್ ಮತ್ತು ಥಿಯೋಬಾಲ್ಡ್ ಲಡ್ವಿಗ್ ಎಂಬ ಸಹೋದರರು, ನೆಲದ ಮೇಲೆ ಕುಳಿತು ಬೆರಳತುದಿಯ ತುಳಿತಕ್ಕೆ ಓಗೊಡುವ ಚಿಕ್ಕ ಪೆಡಲನ್ನು ಮಾಡಿ ಮಾರತೊಡಗಿದರು. ಇವತ್ತಿನ ಪೆಡಲುಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ವಿಲಿಯಂ ಲಡ್ವಿಗ್ ಕಾರ್ಖಾನೆಯ ಯಜಮಾನನಾಗುವುದಕ್ಕೆ ಮೊದಲು ನಾಟಕಶಾಲೆಗಳಲ್ಲಿ ಡ್ರಂ ಬಾರಿಸಿ ಹೊಟ್ಟೆ ಹೊರೆದವನು ಎಂಬುದನ್ನು ನಾವು ಮರೆಯಬಾರದು. ಕಾಲಿನ ಕಷ್ಟ ಬಲ್ಲವನೇ ಕಾಲಿಗೆ ಬೇಕಾದುದನ್ನು ಮಾಡಿದ.

ನಮ್ಮ ನಾಡಿಗೂ ಕಾಲಿನ ವಾದ್ಯ ಹೊಸದಲ್ಲ. ಕಂಪನಿ ನಾಟಕಗಳಲ್ಲಿ ಮೇಷ್ಟ್ರು ಕಾಲಿನಿಂದ ತಿದಿಯೊತ್ತುತ್ತ ಎರಡು ಕೈಗಳಿಂದಲೂ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕಾಲು ದುಡಿದರೆ ಕೈ ಬಿಡುವಾಗುತ್ತದೆ. ಅಲ್ಲಿಯೂ ಅದೇ ನ್ಯಾಯ, ಇಲ್ಲಿಯೂ ಅದೇ ನ್ಯಾಯ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಸೆಟ್ಟಿನ ಮಿಕ್ಕೆಲ್ಲ ಭಾಗಗಳೂ ಬಾರಿಸುವವನ ಕಡ್ಡಿಗೆ ಸಿಕ್ಕುವಂಥವು. ಪೆಡಲೊಂದೇ ಅವನ ಮೈಗೆ ಅಂಟಿಕೊಂಡಿರುವುದು. ಡ್ರಮ್ಮು ಹಳೆಯದಾದರೂ ಹೊದಿಕೆ ಬದಲಿಸಿ, ಬಿಗಿ ಸರಿಮಾಡಿ, ನಾದ ಹೊರಡಿಸಬಹುದು. ಪೆಡಲು ಕೆಟ್ಟದಾದರೆ ಕಾಲು ಕೆಡುತ್ತದೆ. ಕೆಟ್ಟ ಅಭ್ಯಾಸವೊಂದು ಕಾಲಿಗೆ ಹತ್ತಿದರೆ ಬಿಡಿಸುವುದು ಕಷ್ಟ. ಈಗ ನಮ್ಮ ಸಂಘದಲ್ಲಿರುವ ಪೆಡಲಿನ ಹೆಸರು ಎಂದೋ ಅಳಿಸಿಹೋಗಿದೆ. ಅದರ ಸ್ಪ್ರಿಂಗು ಮುರಿದು, ಬೇರೆ ಸಿಕ್ಕದೆ, ಯಾರೋ ಪುಣ್ಯಾತ್ಮರು ಸ್ಕೂಟರಿನ ಸ್ಟ್ಯಾಂಡಿನ ಸ್ಪ್ರಿಂಗನ್ನು ತಂದು ಬಿಗಿದಿದ್ದಾರೆ. ಅದು ಸ್ಕೂಟರನ್ನು ತಡೆಯತಕ್ಕ ಸ್ಪ್ರಿಂಗು; ಮನುಷ್ಯನ ಪಾದ ಅದಕ್ಕೆ ಲೆಕ್ಕವಿಲ್ಲ. ಆ ಪೆಡಲಿನ ಮೇಲೆ ಕಲಿತವರೆಲ್ಲ ಇಡೀ ತೊಡೆಯನ್ನು ಎತ್ತಿ ಕುಕ್ಕುತ್ತಾರೆ. ಮೆಲ್ಲನೆ ಬಾರಿಸು ಎಂದರೆ ಅವರಿಂದ ಆಗುವುದಿಲ್ಲ. ಕಳೆದ ಎರಡು ವರ್ಷಗಳ ಭಾವಗೀತೆಯ ಕಾರ್ಯಕ್ರಮಗಳಲ್ಲಿ ಡ್ರಮ್ಮು ಹಾಡನ್ನು ನುಂಗಿತೆಂದು ಅಧ್ಯಾಪಕರು ಆಕ್ಷೇಪಿಸಿದರಲ್ಲವೆ? ದೋಷ ಬಾರಿಸಿದವರದಲ್ಲ, ಮೆಲ್ಲನೆಯ ಪೆಟ್ಟು ಆ ಸ್ಪ್ರಿಂಗಿನ ಶಬ್ದಕೋಶದಲ್ಲಿಯೇ ಇಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಮ್ಮನ್ನು ಹಾಸ್ಯ ಮಾಡಿದವರುಂಟು. ಒಮ್ಮೆ ಬಂದು ಆ ಪೆಡಲನ್ನು ತುಳಿದು ನೋಡಿ, ಆಮೇಲೆ ಗಾದೆ ಹೇಳಲಿ; ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಪ್ರಪಂಚದಲ್ಲಿ ಉಂಟು.

ಸ್ಪ್ರಿಂಗಿನ ವಿಷಯದಲ್ಲಿ ನಮ್ಮವರಿಗೆ ಒಂದು ತಪ್ಪು ಕಲ್ಪನೆಯಿದೆ. ಬಿಗಿಯಾದ ಸ್ಪ್ರಿಂಗು ಪೆಟ್ಟಿಗೆ ಬಲ ಕೊಡುತ್ತದೆಂದು ತಿಳಿಯುತ್ತಾರೆ. ಪೆಟ್ಟಿನ ಬಲ ಬರುವುದು ಪಾದದಿಂದ ಮತ್ತು ಬೀಟರಿನ ತೂಕದಿಂದ. ಸ್ಪ್ರಿಂಗಿನ ಕೆಲಸ ಬೀಟರನ್ನು ಹಿಂದಕ್ಕೆ ತರುವುದು ಮಾತ್ರ. ಅದು ಅತಿ ಬಿಗಿಯಾದರೆ ಕಾಲು ಸ್ಪ್ರಿಂಗಿನೊಡನೆ ಕುಸ್ತಿ ಮಾಡಬೇಕಾಗುತ್ತದೆ. ಅತಿ ಸಡಿಲವಾದರೆ ಬೀಟರು ಮನೆಗೆ ತಡವಾಗಿ ಬರುವ ಹುಡುಗನಂತೆ ಮುಂದಿನ ಪೆಟ್ಟಿಗೆ ಸಿದ್ಧವಾಗಿರುವುದಿಲ್ಲ. ಇವೆರಡರ ನಡುವಣ ಹದ ಒಬ್ಬೊಬ್ಬರಿಗೆ ಒಂದೊಂದು ಬಗೆ. ಹಿಮ್ಮಡಿಯನ್ನು ಹಲಗೆಗೆ ಊರಿ ಮೆಲ್ಲನೆ ಬಾರಿಸುವವರಿಗೆ ಸಡಿಲವೇ ಹಿತ. ಹಿಮ್ಮಡಿಯೆತ್ತಿ ಜೋರಾಗಿ ಬಾರಿಸುವವರಿಗೆ ಪಾದದ ಭಾರವನ್ನು ತಾಳುವಷ್ಟು ಬಿಗಿ ಬೇಕು. ಹೀಗಿರುವಾಗ ಸ್ಪ್ರಿಂಗಿನ ಬಿಗಿಯನ್ನು ಬೆರಳಿನಿಂದಲೇ ತಿರುಗಿಸಿ ಬದಲಾಯಿಸುವಂತಿರಬೇಕು ಎಂಬುದು ನನ್ನ ಮೊದಲನೆಯ ಆಗ್ರಹ.

ಮನೆಯಲ್ಲಿ ಸ್ವಂತ ಸೆಟ್ಟುಳ್ಳವನಿಗೆ ಈ ಆಗ್ರಹ ಬೇಕಿಲ್ಲ. ಒಮ್ಮೆ ತನ್ನ ಕಾಲಿಗೆ ಹೊಂದಿಸಿದರೆ ವರ್ಷಗಟ್ಟಲೆ ಅದನ್ನು ಮುಟ್ಟುವ ಅವಶ್ಯಕತೆಯಿಲ್ಲ. ಆದರೆ ನಮ್ಮ ಕಾಲೇಜಿನಲ್ಲಿ ಅಂಥವರು ಯಾರಿದ್ದಾರೆ? ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು, ಮಿಕ್ಕವರು ವಿದ್ಯಾರ್ಥಿನಿಲಯದವರು. ಸಂಘದ ಬೀರುವಿನ ಪಕ್ಕದಲ್ಲಿರುವ ಆ ಒಂದು ಸೆಟ್ಟೇ ನಾವೆಲ್ಲ ಕಣ್ಣಿನಿಂದ ಕಂಡ ಮೊದಲನೆಯ ಸೆಟ್ಟು. ಅನೇಕರ ಪಾಲಿಗೆ ಅದೇ ಕೊನೆಯದೂ ಆಗಬಹುದು. ಡೊಳ್ಳು, ತಮಟೆಗಳ ಲಯ ಮೈಯಲ್ಲಿಯೇ ಇರುವ ಹುಡುಗರು ಪ್ರತಿವರ್ಷ ಬರುತ್ತಾರೆ. ಅವರ ಕೈ ಒಂದು ವಾರದಲ್ಲಿ ಸೆಟ್ಟಿಗೆ ಒಗ್ಗುತ್ತದೆ; ತಡಮಾಡುವುದು ಕಾಲು, ಏಕೆಂದರೆ ಕಾಲಿಗೆ ಅವರಲ್ಲಿ ಬೇರೆ ಕೆಲಸವಿತ್ತು: ಕುಣಿಯುವುದು. ಈ ವರ್ಷ ಪ್ರಥಮ ವರ್ಷದ ವಿದ್ಯಾರ್ಥಿನಿಯರಿಬ್ಬರು ಕಲಿಯಬೇಕೆಂದು ಬಂದರು. ಒಬ್ಬಳಿಗೆ ಪೀಠದ ಮೇಲೆ ಕುಳಿತರೆ ಪೆಡಲಿನ ಮೇಲೆ ಬೆರಳತುದಿ ಮಾತ್ರ ಊರುತ್ತಿತ್ತು. ಎರಡನೆಯ ವಾರಕ್ಕೆ ಮೀನಖಂಡ ನೋವೆಂದು ಬಿಟ್ಟುಬಿಟ್ಟಳು. "ಡ್ರಂ ಹೆಂಗಸರಿಗಲ್ಲ" ಎಂದು ತೀರ್ಪು ಕೊಟ್ಟವರು ನಮ್ಮ ನಡುವೆಯೇ ಇದ್ದರು. ಪೀಠವನ್ನು ತಗ್ಗಿಸಿ, ಪಾದದ ಹಲಗೆಯ ಎತ್ತರ, ಬೀಟರಿನ ಓರೆ, ಸ್ಪ್ರಿಂಗಿನ ಬಿಗಿ, ಈ ಮೂರನ್ನು ಅವಳ ಕಾಲಿಗೆ ಹೊಂದಿಸಲು ಸಾಧ್ಯವಿದ್ದಿದ್ದರೆ ಆ ತೀರ್ಪಿಗೆ ಅವಕಾಶವೇ ಇರುತ್ತಿರಲಿಲ್ಲ. ನಮ್ಮ ಪೆಡಲಿನಲ್ಲಿ ಮೂರೂ ತುಕ್ಕು ಹಿಡಿದು ಒಂದೇ ನಿಲುವಿನಲ್ಲಿ ನಿಂತಿವೆ.

ಆದುದರಿಂದ, ಹತ್ತಾರು ಕಾಲುಗಳಿಗೆ ಒಂದೇ ಪೆಡಲು ಎಂಬುದೇ ನಮ್ಮ ಆಯ್ಕೆಯ ಮೂಲಸೂತ್ರವಾಗಬೇಕು. ಒಳ್ಳೆಯ ಪೆಡಲುಗಳಲ್ಲಿ ಬೀಟರಿನ ಓರೆಯನ್ನೂ ಹಲಗೆಯ ಎತ್ತರವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು; ಕಡಮೆ ಬೆಲೆಯವುಗಳಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದೂ ಜೊತೆಯಲ್ಲೇ ಅಲುಗುತ್ತದೆ. ಅಂಗಡಿಯವರು ಈ ಭೇದವನ್ನು ತಾವಾಗಿ ಹೇಳುವುದಿಲ್ಲ; ಕೇಳಬೇಕು.

ಇನ್ನು ಸರಪಳಿಯ ವಿಚಾರ. ಪಾದದ ಹಲಗೆಯನ್ನೂ ಮೇಲಿನ ಸರಳನ್ನೂ ಕೂಡಿಸುವುದಕ್ಕೆ ಮೂರು ಬಗೆಯ ಏರ್ಪಾಡುಗಳಿವೆ: ಚರ್ಮದ ಅಥವಾ ನೈಲಾನಿನ ಪಟ್ಟಿ, ಸರಪಳಿ, ಮತ್ತು ಗಟ್ಟಿಯಾದ ಲೋಹದ ಕೊಂಡಿ. ಪಟ್ಟಿ ಹಗುರ, ಸದ್ದಿಲ್ಲ. ಕಾಲಕ್ರಮದಲ್ಲಿ ಹಿಗ್ಗುತ್ತದೆ, ಹರಿಯುತ್ತದೆ. ಲೋಹದ ಕೊಂಡಿಯಲ್ಲಿ ಕಾಲು ಎಷ್ಟು ಸರಿದರೆ ಬೀಟರು ಅಷ್ಟೇ ಸರಿಯುತ್ತದೆ, ನಡುವೆ ಒಂದು ಕೂದಲೆಳೆಯ ಸಡಿಲವೂ ಇಲ್ಲ. ವಿಲಿಯಂ ಲಡ್ವಿಗ್ 1937ರಲ್ಲಿ ಹೊರತಂದ 'ಸ್ಪೀಡ್ ಕಿಂಗ್' ಎಂಬ ಪೆಡಲು ಈ ಬಗೆಯದು. ಅದರ ಸ್ಪ್ರಿಂಗುಗಳು ಎರಡು ಕಂಬಗಳ ಒಳಗೆ ಅಡಗಿದ್ದುವು. ಲೆಡ್ ಜೆಪ್ಪೆಲಿನ್ ತಂಡದ ಜಾನ್ ಬಾನಂ ಅದನ್ನೇ ತುಳಿಯುತ್ತಿದ್ದ. ಆ ತಂಡದ 1970ರ ಮೂರನೆಯ ಆಲ್ಬಮ್ಮಿನ ಒಂದು ನಿಧಾನಗತಿಯ ಹಾಡಿನಲ್ಲಿ ಕಿವಿಗೊಟ್ಟು ಕೇಳಿದರೆ ಪೆಡಲು ಕಿರ್ರೆನ್ನುವುದು ಇವತ್ತಿಗೂ ಕೇಳಿಸುತ್ತದೆ. ಅಷ್ಟು ದೊಡ್ಡ ವಾದಕನಿಗೆ ಅದು ಶೋಭಿಸುತ್ತದೆ; ನಮ್ಮ ಸಭಾಂಗಣದಲ್ಲಿ ಕಿರ್ರೆಂದರೆ ಹಿಂದಿನ ಬೆಂಚಿನವರು ಸುಮ್ಮನಿರುವುದಿಲ್ಲ. ಈಚಿನ ಕೊಂಡಿ ಪೆಡಲುಗಳು ಕಿರುಗುಟ್ಟುವುದಿಲ್ಲ, ಬಲು ಚುರುಕು, ನಿಜ. ಆದರೆ ಅವುಗಳ ನಯವೆಲ್ಲ ಸೂಕ್ಷ್ಮವಾದ ಬೇರಿಂಗುಗಳಲ್ಲಿರುತ್ತದೆ. ಅದು ಕೆಟ್ಟರೆ ನಮ್ಮ ಊರಿನಲ್ಲಿ ಯಾರಿಗೆ ತೋರಿಸುವುದು? ಸರಪಳಿಯಾದರೋ ಸೈಕಲ್ಲಿನ ಚೈನಿನ ದಾಯಾದಿ. ಕಾಲೇಜಿನ ಗೇಟಿನ ಎದುರಿಗಿರುವ ಸೈಕಲ್ ಅಂಗಡಿಯವರ ಕೈಗೆ ಅದು ಪರಿಚಯದ ವಸ್ತು. ಎಣ್ಣೆ ಬಿಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಸಾಲಿನ ಸರಪಳಿಯಾದರೆ ಅಕ್ಕಪಕ್ಕಕ್ಕೆ ವಾಲುವುದೂ ಕಡಮೆ. ನನ್ನ ಮತ ಸರಪಳಿಗೆ.

ಸರಪಳಿ ಸುತ್ತುವ ಗಾಲಿಯಂಥ ತುಂಡಿಗೆ ಕ್ಯಾಮ್ ಎನ್ನುತ್ತಾರೆ. ಅದು ಸರಿಯಾದ ವೃತ್ತವಾಗಿದ್ದರೆ ತುಳಿತ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿರುತ್ತದೆ. ಮೊಟ್ಟೆಯಂತೆ ಓರೆಯಾಗಿದ್ದರೆ ಬೀಟರು ಹೊದಿಕೆಯನ್ನು ಸಮೀಪಿಸುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡನೆಯದು ಜೋರಿನ ಸಂಗೀತದವರಿಗೆ ಪ್ರಿಯ. ಜಪಾನಿನ ಟಾಮಾ ಕಂಪನಿಯವರು ತಮ್ಮ 'ಐರನ್ ಕೋಬ್ರಾ' ಪೆಡಲನ್ನು ಈ ಎರಡು ಬಗೆಗಳಲ್ಲಿಯೂ ಮಾಡುತ್ತಾರೆಂಬುದೇ, ಇದರಲ್ಲಿ ಮೇಲು ಕೀಳೆಂಬುದಿಲ್ಲ, ರುಚಿಯ ಭೇದ ಮಾತ್ರ ಎಂಬುದಕ್ಕೆ ಸಾಕ್ಷಿ. ಕಲಿಯುವವರಿಗೆ ವೃತ್ತವೇ ಮೇಲೆಂದು ನನಗನ್ನಿಸುತ್ತದೆ. ತುಳಿದಷ್ಟೇ ಫಲ, ಪೆಡಲು ತನ್ನದೇ ಅಭಿಪ್ರಾಯವನ್ನು ಸೇರಿಸುವುದಿಲ್ಲ.

ಈಗ ಜೋಡಿ ಪೆಡಲಿನ ಪಕ್ಷದವರಿಗೆ ಉತ್ತರ ಕೊಡಬೇಕು. ಇವರಲ್ಲಿ ನನ್ನ ಆಪ್ತಮಿತ್ರರೇ ಹೆಚ್ಚು. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಎರಡು ಕಾಲಿನಿಂದಲೂ ಬೇಸ್ ಬಾರಿಸುವ ಯೋಚನೆ ಹೀನವಾದುದೆಂದು ನಾನು ಹೇಳುವುದಿಲ್ಲ. ಲೂಯಿ ಬೆಲ್ಸನ್ ಎಂಬ ಮಹಾವಾದಕ ಇನ್ನೂ ಶಾಲೆಯಲ್ಲಿದ್ದಾಗಲೇ ಎರಡು ಬೇಸ್ ಡ್ರಮ್ಮುಗಳ ಸೆಟ್ಟಿನ ನಕ್ಷೆ ಬರೆದಿದ್ದ. 1950ರ ದಶಕದ ಆರಂಭದಲ್ಲಿ ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದದಲ್ಲಿ ಅದನ್ನು ಬಾರಿಸಿ ಜನರನ್ನು ಬೆರಗುಗೊಳಿಸಿದ. ಎರಡು ಡ್ರಮ್ಮುಗಳನ್ನು ಹೊತ್ತು ತಿರುಗುವ ಕಷ್ಟವನ್ನು ತಪ್ಪಿಸಲು, ಒಂದೇ ಡ್ರಮ್ಮಿಗೆ ಎರಡು ಬೀಟರುಗಳನ್ನು ಹೂಡಿ, ಎಡಗಾಲಿನ ಹಲಗೆಯಿಂದ ಒಂದು ಉದ್ದನೆಯ ಸರಳನ್ನು ಬಲಗಡೆಗೆ ತರುವ ಜೋಡಿ ಪೆಡಲುಗಳು 1980ರ ದಶಕದಿಂದೀಚೆಗೆ ಎಲ್ಲೆಡೆಯೂ ಹಬ್ಬಿದುವು. ಹೆವಿ ಮೆಟಲ್ ಎಂಬ ಸಂಗೀತಪ್ರಕಾರಕ್ಕೆ ಅದು ಉಸಿರಿದ್ದಂತೆ. 2011ರಲ್ಲಿ ಮೆಟಾಲಿಕಾ ತಂಡದವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿದಾಗ ಮಳೆ ಕೆಸರುಗಳನ್ನು ಲೆಕ್ಕಿಸದೆ ಸೇರಿದ ಜನಸಾಗರದ ಕಥೆಯನ್ನು ನನ್ನ ಮಿತ್ರರು ತಾವೇ ಅಲ್ಲಿದ್ದಂತೆ ಹೇಳುತ್ತಾರೆ. ಅವರಾಗ ಅಂಗನವಾಡಿಯಲ್ಲಿ ಇದ್ದಿರಬೇಕು.

ಆದರೆ ಅದೇ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ತಂಡದವರೂ ಬಾರಿಸಿದ್ದರು. ಅವರ ವಾದಕ ನಿಕೋ ಮೆಕ್‌ಬ್ರೇನ್ ಬಹುಮಟ್ಟಿಗೆ ಒಂದೇ ಪೆಡಲಿನಿಂದ, ಅದೂ ಬರಿಗಾಲಿನಿಂದ ಬಾರಿಸುವುದಕ್ಕೆ ಹೆಸರಾದವನು. ಅವನ ಒಂದು ಪಾದದ ಓಟವನ್ನು ಕೇಳಿ ಎರಡು ಪೆಡಲುಗಳಿವೆಯೆಂದು ಭ್ರಮಿಸಿದವರು ಎಷ್ಟೋ ಮಂದಿ. ನಮ್ಮ ಹುಡುಗರೂ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲೇ ಕೂರುವವರು. ಈ ಒಂದು ವಿಷಯದಲ್ಲಾದರೂ ನಾವು ಅವನ ಸಮಾನರು. (ಪಾದದ ಹಲಗೆಯ ಮೇಲೆ ಚೂಪಾದ ಉಬ್ಬುಕೆತ್ತನೆಗಳಿರುವ ಪೆಡಲುಗಳನ್ನು ಬೇಡವೆನ್ನಲು ಇದೂ ಒಂದು ಕಾರಣ. ಅರ್ಧ ಗಂಟೆಯ ಅಭ್ಯಾಸಕ್ಕೆ ಅಂಗಾಲಿನಲ್ಲಿ ಅಚ್ಚು ಬೀಳುತ್ತದೆ.)

ಜೋಡಿ ಪೆಡಲಿಗೆ ನನ್ನ ಮುಖ್ಯವಾದ ಆಕ್ಷೇಪಣೆ ಬೇರೆ. ಸೆಟ್ಟಿನಲ್ಲಿ ಎಡಗಾಲು ಸುಮ್ಮನೆ ಕುಳಿತಿಲ್ಲ. ಹೈ ಹ್ಯಾಟ್ ಎಂಬ ಜೋಡಿ ತಾಳಗಳನ್ನು ತೆರೆದು ಮುಚ್ಚುವ ಕೆಲಸ ಅದರದು. ನಾವು ಬಾರಿಸುವುದು ಭಾವಗೀತೆ, ಜನಪದಗೀತೆ, ಚಿತ್ರಗೀತೆ, ರಾಜ್ಯೋತ್ಸವದ ಸಮೂಹಗಾನ. ಇವುಗಳಲ್ಲಿ ತಾಳ ಒಮ್ಮೆ ಬಾಯಿ ತೆರೆದು ಮುಚ್ಚಿದರೆ ಬರುವ ಸೊಗಸು, ಹತ್ತು ಪೆಟ್ಟು ಹೆಚ್ಚು ಬಾರಿಸಿದರೆ ಬಾರದು. ಎಡಗಾಲನ್ನು ಅಲ್ಲಿಂದ ಕಿತ್ತು ಬೇಸ್ ಡ್ರಮ್ಮಿಗೆ ಕಟ್ಟಿದರೆ ಒಂದು ಕಡೆಯ ಸಂಪತ್ತನ್ನು ಇನ್ನೊಂದು ಕಡೆಗೆ ಸುರಿದಂತೆ. ಮೇಲಾಗಿ, ಒಂದು ಬೆಲೆಗೆ ಸಿಕ್ಕುವ ಜೋಡಿ ಪೆಡಲು ಅದೇ ಬೆಲೆಯ ಒಂಟಿ ಪೆಡಲಿಗಿಂತ ಗುಣದಲ್ಲಿ ಕೆಳಗಿರಲೇಬೇಕು. ಲೋಹ, ಬೇರಿಂಗು, ಕೀಲುಗಳೆಲ್ಲ ಎರಡರಷ್ಟಿರುವಾಗ ಎಲ್ಲಿಯಾದರೂ ಉಳಿತಾಯ ಮಾಡದೆ ವಿಧಿಯಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಮ್ಮ ಹಿರಿಯರು ಈ ಸಂದರ್ಭಕ್ಕಾಗಿಯೇ ಹೇಳಿಟ್ಟಂತಿದೆ.

ರಿದಂ ಪ್ಯಾಡಿನ ಪಕ್ಷದವರಿಗೆ ಹೆಚ್ಚು ಹೇಳುವುದಿಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅದು ರಾಜ್ಯವಾಳುತ್ತಿರುವುದು ನಿಜ. ಒಂದು ಚೀಲದಲ್ಲಿ ಹೊತ್ತೊಯ್ಯಬಹುದು, ತಬಲದಿಂದ ಸಿಡಿಲಿನವರೆಗೆ ಎಲ್ಲ ಸದ್ದುಗಳೂ ಅದರಲ್ಲಿವೆ. ಆದರೆ ಅದನ್ನು ಬಾರಿಸಿದವನು ಅದನ್ನೇ ಕಲಿಯುತ್ತಾನೆ, ಸೆಟ್ಟನ್ನಲ್ಲ. ಮುಂದೆ ಪೂರ್ಣ ಎಲೆಕ್ಟ್ರಾನಿಕ್ ಸೆಟ್ಟನ್ನೇ ತಂದರೂ, ಬಹುಪಾಲು ಸೆಟ್ಟುಗಳಲ್ಲಿ ಕಿಕ್ ಪ್ಯಾಡಿನ ಮುಂದೆ ಇದೇ ಪೆಡಲನ್ನು ಬಿಗಿಯಬೇಕು. ಹೀಗೆ ಪೆಡಲಿಗೆ ಹಾಕಿದ ಹಣ ಎರಡು ಕಡೆಯೂ ಸಲ್ಲುತ್ತದೆ.

ನನಗೆ ನಿಜವಾಗಿ ಭಯವಿರುವುದು ಮೂರನೆಯ ಪಕ್ಷದವರ ವಿಷಯದಲ್ಲಿ. ಏಕೆಂದರೆ ಅವರು ವಾದಿಸುವುದಿಲ್ಲ, ಗೆಲ್ಲುತ್ತಾರೆ. ದರಪಟ್ಟಿ ಕರೆಯುವುದು ನಿಯಮ. ಸರ್ಕಾರದ ಹಣಕ್ಕೆ ಲೆಕ್ಕವಿರಬೇಕು. ಕಡಮೆ ಹೇಳಿದವರಿಗೆ ಕೊಡಬೇಕು. ಇದರಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ದರಪಟ್ಟಿಯ ಕಾಗದದಲ್ಲಿ "ಡ್ರಂ ಪೆಡಲು, ಸಂಖ್ಯೆ 1" ಎಂದು ಮಾತ್ರ ಬರೆದು ಕಳುಹಿಸಿದರೆ, ಅಂಗಡಿಯವರು ತಮ್ಮಲ್ಲಿ ಮಾರಾಟವಾಗದೆ ಉಳಿದ ಅತಿ ಹಗುರವಾದ ಪೆಡಲಿನ ಬೆಲೆಯನ್ನೇ ಬರೆದು ಕಳುಹಿಸುತ್ತಾರೆ. ಅವರ ತಪ್ಪೇನು? ನಾವು ಕೇಳಿದ್ದೇ ಅಷ್ಟು. ಅರ್ಥಶಾಸ್ತ್ರದ ತರಗತಿಯಲ್ಲಿ ಸವಕಳಿಯ ವಿಷಯವನ್ನು ನಾವೆಲ್ಲ ಓದಿದ್ದೇವೆ. ಎರಡು ವರ್ಷ ಬಾಳುವ ವಸ್ತುವನ್ನು ಅರ್ಧ ಬೆಲೆಗೆ ಕೊಂಡು ಹತ್ತು ವರ್ಷ ಬಳಸುವುದು ನಮ್ಮ ಕಾಲೇಜಿನ ವಿಶೇಷ ವಿದ್ಯೆ. ಒಮ್ಮೆ ದಾಸ್ತಾನು ಪುಸ್ತಕದಲ್ಲಿ ಸೇರಿದ ಪೆಡಲು, ಇದ್ದರೂ ಸತ್ತರೂ, ಹೊಸದು ಬರುವುದನ್ನು ತಡೆಯುತ್ತದೆ: "ಒಂದಿದೆಯಲ್ಲ!" ಈಗ ಪ್ರೌಢಶಾಲೆಯಲ್ಲಿ ಬೆಂಚು ಕುಟ್ಟುತ್ತಿರುವ ಹುಡುಗ ಹುಡುಗಿಯರು ಮುಂದೆ ಇಲ್ಲಿಗೆ ಬಂದು ಏನನ್ನು ತುಳಿಯಬೇಕೆಂಬುದನ್ನು ನಾವು ಈ ವರ್ಷ ಒಂದು ಕಾಗದದಲ್ಲಿ ನಿರ್ಧರಿಸುತ್ತಿದ್ದೇವೆ.

ಆದುದರಿಂದ ನನ್ನ ವಿನಂತಿ ಇಷ್ಟೆ. ಕಂಪನಿಯ ಹೆಸರು ಬರೆಯುವುದು ಬೇಡ. ಹೆಸರು ಬರೆದರೆ ಪಕ್ಷಪಾತದ ಪ್ರಶ್ನೆ ಏಳುತ್ತದೆ. ಗುಣವನ್ನು ಬರೆಯೋಣ. ಒಂಟಿ ಪೆಡಲು, ಎರಡು ಸಾಲಿನ ಸರಪಳಿ, ವೃತ್ತಾಕಾರದ ಕ್ಯಾಮ್, ಅಡಿಯಲ್ಲಿ ಉಕ್ಕಿನ ತಗಡು ಇರಲೇಬೇಕು. ಈ ಕೊನೆಯದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಅಗ್ಗದ ಪೆಡಲುಗಳಲ್ಲಿ ಅಡಿತಗಡಿನ ಬದಲು ಎರಡು ತಂತಿ ಸರಳುಗಳಿರುತ್ತವೆ. ನಮ್ಮ ವೇದಿಕೆಯ ಹಲಗೆಗಳು ಏರುತಗ್ಗಾಗಿರುವುದರಿಂದ ಅಂಥ ಪೆಡಲು ತುಳಿದಂತೆಲ್ಲ ಸೊಟ್ಟಗಾಗಿ, ಬೀಟರು ಹೊದಿಕೆಯ ನಡುವನ್ನು ಬಿಟ್ಟು ಪಕ್ಕಕ್ಕೆ ಹೊಡೆಯುತ್ತದೆ. ತಗಡಿನ ಪೆಡಲು ಜಮಖಾನದ ಮೇಲೆ ಕದಲದೆ ಕೂರುತ್ತದೆ. ಡ್ರಮ್ಮಿನ ಬಳೆಯನ್ನು ಹಿಡಿಯುವ ಹಿಡಿಕೆಗೆ ರಬ್ಬರಿನ ಮೆತ್ತೆ ಇರಬೇಕು, ಇಲ್ಲದಿದ್ದರೆ ಮರದ ಬಳೆ ಜಜ್ಜಿಹೋಗುತ್ತದೆ. ಅದನ್ನು ಬಿಗಿಯುವ ತಿರುಪು ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಪ್ರತಿಸಲವೂ ಡ್ರಮ್ಮಿನ ಕೆಳಗೆ ಸಾಷ್ಟಾಂಗ ಬೀಳಬೇಕಾಗುತ್ತದೆ. ಬೀಟರು ಉಣ್ಣೆಯನ್ನು ಅದುಮಿ ಮಾಡಿದ ಫೆಲ್ಟಿನದಾಗಿರಲಿ. ಮರದ್ದೂ ಪ್ಲಾಸ್ಟಿಕ್ಕಿನದೂ ಚಟ್ಟೆಂದು ಹೊಡೆದು ಹೊದಿಕೆಯನ್ನು ಬೇಗ ಸವೆಸುತ್ತವೆ. ಫೆಲ್ಟಿನ ಪೆಟ್ಟು ದುಂಡಗೆ, ಗಂಭೀರವಾಗಿ ಬರುತ್ತದೆ, ಹಾಡುವವರ ಗಂಟಲನ್ನು ಮುಚ್ಚುವುದಿಲ್ಲ. ಬೀಟರು ಬಡಿಯುವ ಜಾಗದಲ್ಲಿ ಹೊದಿಕೆಗೆ ಅಂಟಿಸುವ ಒಂದು ದುಂಡನೆಯ ತೇಪೆಯನ್ನೂ ಜೊತೆಗೇ ತರಿಸಬೇಕು. ಎರಡು ಸ್ಪ್ರಿಂಗು ಹೆಚ್ಚಿಗೆ ಇರಲಿ. ಪೆಡಲಿನಲ್ಲಿ ಮೊದಲು ಕೈಕೊಡುವುದು ಅದೇ. ಸ್ಕೂಟರುಗಳು ಇನ್ನು ಮುಂದೆ ತಮ್ಮ ಸ್ಟ್ಯಾಂಡಿನ ಮೇಲೆ ನೆಮ್ಮದಿಯಾಗಿ ನಿಲ್ಲಲಿ.

ವಸ್ತು ಬಂದಾಗ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಸಹಿ ಹಾಕುವ ಬದಲು, ಸಂಘದವರಲ್ಲಿ ಇಬ್ಬರು ಅದನ್ನು ಪರೀಕ್ಷಿಸಬೇಕು. ಪರೀಕ್ಷೆ ಸುಲಭ. ಪೆಡಲನ್ನು ಮೇಜಿನ ಮೇಲಿಟ್ಟು ಬೀಟರನ್ನು ಬೆರಳಿನಿಂದ ಮುಂದಕ್ಕೆಳೆದು ಬಿಟ್ಟುಬಿಡಿ. ಗಡಿಯಾರದ ಲೋಲಕದಂತೆ ಅದು ಹಲವು ಸಲ ತೂಗಾಡಿ ಮೆಲ್ಲನೆ ನಿಂತರೆ ಬೇರಿಂಗು ನಯವಾಗಿದೆಯೆಂದರ್ಥ. ಎರಡು ಮೂರು ತೂಗಿಗೇ ನಿಂತರೆ ಒಳಗೆ ಉಜ್ಜಾಟವಿದೆ. ಬಳಿಕ ಬೀಟರನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿ ನೋಡಿ. ಹೊಸದರಲ್ಲೇ ಕಡಕಡ ಅಲುಗಿದರೆ ಹಿಂದಿರುಗಿಸುವುದು ಲೇಸು. ಆಮೇಲೆ ಡ್ರಮ್ಮಿಗೆ ಹೂಡಿ, ಮೊದಲು ಅತಿ ಮೆಲ್ಲಗೆ ಬಾರಿಸಬೇಕು. ಜೋರಾಗಿ ಬಾರಿಸಿದರೆ ಯಾವ ಪೆಡಲೂ ಒಳ್ಳೆಯದಾಗಿಯೇ ಕಾಣುತ್ತದೆ. ಪೆಡಲಿನ ಗುಣ ತಿಳಿಯುವುದು ಮೆಲುಪೆಟ್ಟಿನಲ್ಲಿ: ಹಿಮ್ಮಡಿಯೂರಿ, ಪಕ್ಕದವರ ಮಾತು ಕೇಳಿಸುವಷ್ಟು ಮೆಲ್ಲಗೆ, ಐದು ನಿಮಿಷ ಒಂದೇ ಸಮನೆ ಬಾರಿಸಿ ಕಾಲು ದಣಿಯದಿದ್ದರೆ ಅದೇ ನಮ್ಮ ಪೆಡಲು. ಈ ಪರೀಕ್ಷೆಯನ್ನು ಮಾಡುವವರಲ್ಲಿ ಒಬ್ಬರು ಹೊಸದಾಗಿ ಕಲಿಯುತ್ತಿರುವವರಾಗಿರಬೇಕು. ಆ ಇಬ್ಬರು ವಿದ್ಯಾರ್ಥಿನಿಯರಲ್ಲಿ ಬಿಟ್ಟುಹೋದವಳನ್ನೇ ಕರೆಯಬೇಕೆಂದು ನಾನು ಸೂಚಿಸುತ್ತೇನೆ.

ಇನ್ನೊಂದು ಸಣ್ಣ ಕೋರಿಕೆ. ಪ್ರತಿಯೊಬ್ಬರೂ ಅಭ್ಯಾಸ ಮುಗಿಸಿದ ಮೇಲೆ ಸ್ಪ್ರಿಂಗು, ಬೀಟರುಗಳನ್ನು ಒಂದು ಮಧ್ಯಮ ನಿಲುವಿಗೆ ತಂದಿಡಲು ಅನುಕೂಲವಾಗುವಂತೆ ತಿರುಪುಗಳ ಮೇಲೆ ಬಿಳಿಯ ಬಣ್ಣದಿಂದ ಗುರುತು ಹಾಕಬೇಕು. ಆ ತಿರುಪುಗಳನ್ನು ತಿರುಗಿಸುವುದಕ್ಕೆ ಡ್ರಂ ಕೀ ಎಂಬ ಚೌಕಬಾಯಿಯ ಪುಟ್ಟ ಕೀಲಿ ಬೇಕು. ನಮ್ಮ ಕಾಲೇಜಿನಲ್ಲಿ ಈಗ ಅದು ಇಲ್ಲ. ಪ್ರತಿಸಲವೂ ಇಕ್ಕಳ ಹಾಕಿ ತಿರುಗಿಸಿ ತಿರುಪಿನ ಮೂಲೆಗಳೆಲ್ಲ ಸವೆದುಹೋಗಿವೆ. ಎರಡು ಕೀಲಿಗಳನ್ನು ತರಿಸಿ, ಒಂದನ್ನು ಗಟ್ಟಿ ದಾರದಿಂದ ಸೆಟ್ಟಿಗೇ ಕಟ್ಟಿ, ಇನ್ನೊಂದನ್ನು ಸಂಘದ ಬೀರುವಿನಲ್ಲಿಡಬೇಕು; ದಾಸ್ತಾನು ಪುಸ್ತಕದಲ್ಲಿ ಪೆಡಲಿನ ಕೆಳಗೆ ಅವಕ್ಕೂ ಒಂದು ಸಾಲು ಬರೆಯಬೇಕು.